ಹೊಟ್ಟೆಯ ಹಳೇ ತೊಂದರೆ ಇರುವ ಮನೆಗೆ: ಮಲೆನಾಡಿನ ಅಡುಗೆಯಲ್ಲೇ ದಾರಿ ಕಂಡುಕೊಳ್ಳುವ ಸಮಗ್ರ ಮಾರ್ಗದರ್ಶಿ

ಊಟವಾದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರ, ಬೆಳಗ್ಗೆ ಮೂರು ಸಲ ಓಟ, ಇಲ್ಲವೇ ಮೂರು ದಿನವಾದರೂ ಸರಿಯಾಗಿ ಹೋಗದ ಮಲಬದ್ಧತೆ, ರಾತ್ರಿ ಎದೆಯುರಿ, ಹುಳಿತೇಗು. ಇವು ತಿಂಗಳುಗಟ್ಟಲೆ ಕಾಡುವ ಮನೆಗಳಲ್ಲಿ ಹೆಚ್ಚಾಗಿ ಆಗುವುದೇನೆಂದರೆ, ತಿನ್ನುವುದನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾರೆ. ಮೊದಲು ಬದನೆಕಾಯಿ, ಆಮೇಲೆ ಬೇಳೆ, ಹಾಲು, ಗೆಣಸು, ಹಲಸು. ಯಾರೋ ಹೇಳಿದರೆಂದು ಮೊಸರೂ ಹೋಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ತಟ್ಟೆಯಲ್ಲಿ ಅನ್ನ, ತಿಳಿಸಾರು ಮಾತ್ರ. ತೂಕ ಇಳಿದಿರುತ್ತದೆ, ಹೊಟ್ಟೆ ಮೊದಲಿನ ಹಾಗೇ ಇರುತ್ತದೆ. ಪಥ್ಯಕ್ಕೆ ಶುರುವಾಗುವ ದಿನ ಇರುವಂತೆ ಮುಗಿಯುವ ದಿನವೂ ಇರಬೇಕು. ಮೊದಲು ಕಾಯಿಲೆ ಯಾವುದೆಂದು ತಿಳಿಯುವುದು, ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬಿಟ್ಟದ್ದನ್ನು ಪರೀಕ್ಷಿಸಿ ವಾಪಸ್ ತರುವುದು, ಇಷ್ಟನ್ನೂ ಮನೆಗೆಲ್ಲ ಒಂದೇ ಒಲೆಯಲ್ಲಿ ಮಾಡುವುದು ಹೇಗೆಂದು ಇಲ್ಲಿ ವಿವರಿಸಿದ್ದೇವೆ.

ಮೊದಲನೇ ಹೆಜ್ಜೆ: ಮನೆಮದ್ದಿನಲ್ಲಿ ಕಾಯಬಾರದ ಲಕ್ಷಣಗಳು

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಪ್ರಯತ್ನಪಡದೆ ತೂಕ ಇಳಿಯುವುದು, ರಕ್ತಹೀನತೆ, ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಬಿಡದ ವಾಂತಿ, ಕಾಮಾಲೆ, ನಿದ್ದೆಯಿಂದ ಎಬ್ಬಿಸುವ ಭೇದಿ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್. ಇವುಗಳಲ್ಲಿ ಒಂದಿದ್ದರೂ ಮುಂದಿನ ಹೆಜ್ಜೆಗಳನ್ನು ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೆ ಮಲ ಕಪ್ಪಾಗುವುದು ಸಹಜ. ಆದರೂ ಅದು ಅಂಟಂಟಾಗಿ, ಕೆಟ್ಟ ವಾಸನೆಯಿಂದ ಇದ್ದರೆ ಮಾತ್ರೆಯ ಮೇಲೆ ಹಾಕಿ ಸುಮ್ಮನಾಗಬೇಡಿ.

ನಮ್ಮ ಕಡೆಯವರು ಇನ್ನೊಂದನ್ನು ನೆನಪಿಡಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲೂ ವಾಂತಿ, ಭೇದಿ ಬರುತ್ತವೆ. ಡಿಸೆಂಬರ್‌ನಿಂದ ಮೇ ನಡುವೆ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವಿನ ಜೊತೆ ಹೊಟ್ಟೆ ಕೆಟ್ಟರೆ ‘ಇವರಿಗೆ ಯಾವಾಗಲೂ ಇದ್ದದ್ದೇ’ ಎಂದು ಬಿಡದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಎರಡನೇ ಹೆಜ್ಜೆ: ಹದಿನಾಲ್ಕು ದಿನದ ಪುಸ್ತಕ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೊಂದು ಪುಟ. ಎಡಗಡೆ ಸಮಯ, ತಿಂದದ್ದು, ಕುಡಿದದ್ದು. ಎಷ್ಟು ಎನ್ನುವುದೂ ಬೇಕು: ‘ಹಲಸಿನ ಹಣ್ಣು’ ಎಂದರೆ ಉಪಯೋಗವಿಲ್ಲ, ‘8 ತೊಳೆ, ಸಂಜೆ 4ಕ್ಕೆ, ಖಾಲಿ ಹೊಟ್ಟೆ’ ಎಂದರೆ ಉಪಯೋಗ. ಬಲಗಡೆ ನೋವಿಗೆ 0ಯಿಂದ 10ರ ಅಂಕ, ಮಲದ ಬಗೆ, ಎಷ್ಟು ಸಲ, ನಿದ್ದೆ ಎಷ್ಟು ಗಂಟೆ. ಹೆಣ್ಣುಮಕ್ಕಳು ಮುಟ್ಟಿನ ದಿನ ಗುರುತಿಸಿಕೊಳ್ಳಿ. ಹಾರ್ಮೋನಿನ ಏರುಪೇರಿಗೆ ಕರುಳು ಸ್ಪಂದಿಸುವುದರಿಂದ ಆ ದಿನಗಳಲ್ಲಿ ಅನೇಕರಿಗೆ ತೊಂದರೆ ಹೆಚ್ಚು.

ಮಲದ ಬಗೆಗೆ ವೈದ್ಯರು ಬಳಸುವ ಬ್ರಿಸ್ಟಲ್ ಪಟ್ಟಿಯಲ್ಲಿ 7 ದರ್ಜೆಗಳಿವೆ. 1 ಎಂದರೆ ಆಡಿನ ಹಿಕ್ಕೆಯಂತೆ ಬಿಡಿಬಿಡಿ ಗಟ್ಟಿ ಉಂಡೆ, 4 ಎಂದರೆ ನುಣುಪಾಗಿ ಮೆತ್ತಗೆ, 7 ಎಂದರೆ ಪೂರ್ತಿ ನೀರು. 3, 4 ಸರಿಯಾದವು. ಹೀಗೆ ಅಂಕಿಯಲ್ಲಿ ಬರೆದಿಟ್ಟರೆ ಡಾಕ್ಟರ ಮುಂದೆ ಹೇಳಲು ಸಂಕೋಚವೂ ಕಡಿಮೆ.

ಈ ಎರಡು ವಾರ ಊಟದಲ್ಲಿ ಏನನ್ನೂ ಬದಲಿಸಬೇಡಿ. ಬದಲಿಸಿದರೆ ನಿಮ್ಮ ಮಾಮೂಲಿ ಹೊಟ್ಟೆ ಹೇಗಿದೆ ಎಂದೇ ಗೊತ್ತಾಗುವುದಿಲ್ಲ. ಮಾತ್ರೆಗಳನ್ನೂ ಬರೆಯಿರಿ, ಇದನ್ನು ಮರೆಯುವವರೇ ಜಾಸ್ತಿ. ಕೊನೆ ಕೊಯ್ಲು, ಅಡಿಕೆ ಸುಲಿತದ ದಿನಗಳಲ್ಲಿ ಸೊಂಟನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಠರದಲ್ಲಿ ಹುಣ್ಣು ಮಾಡಬಲ್ಲವು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹಲವರಿಗೆ ಭೇದಿ, ಉಬ್ಬರ ತರುತ್ತದೆ. ಅದನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ನಿಧಾನವಾಗಿ ಬಿಡುಗಡೆಯಾಗುವ ನಮೂನೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಕಬ್ಬಿಣಾಂಶದ ಮಾತ್ರೆಯಿಂದ ಮಲಬದ್ಧತೆ ಬರಬಹುದು.

ಮೂರನೇ ಹೆಜ್ಜೆ: ವೈದ್ಯರ ಭೇಟಿ

ಪುಸ್ತಕ, ಹಳೆಯ ಚೀಟಿಗಳು, ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಮೊದಲು ಊರಿನ ಡಾಕ್ಟರು, ಬೇಕಾದರೆ ಆಮೇಲೆ ತಜ್ಞರು. ಶಿವಮೊಗ್ಗದ ಸುತ್ತಲಿನವರು ಮೆಗ್ಗಾನ್ ಆಸ್ಪತ್ರೆಗೆ, ತೀರ್ಥಹಳ್ಳಿ ಕಡೆಯವರು ಘಟ್ಟ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ಸಾಮಾನ್ಯವಾಗಿ ರಕ್ತದ ಎಣಿಕೆ, ಥೈರಾಯ್ಡ್, ಮಲ ಪರೀಕ್ಷೆ ಮಾಡಿಸುತ್ತಾರೆ. ಕರುಳಿನ ಉರಿಯೂತವಿದೆಯೇ ಎಂದು ನೋಡಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯೂ ಇದೆ.

ಇಲ್ಲಿ ಎರಡು ತಪ್ಪುಗಳು ಪರೀಕ್ಷೆಯನ್ನೇ ವ್ಯರ್ಥ ಮಾಡುತ್ತವೆ. ಗೋಧಿ ಆಗದ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆಗೆ ಮುಂಚೆ ಗೋಧಿ ಬಿಟ್ಟಿದ್ದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಜಠರದ ಎಚ್. ಪೈಲೋರಿ ಸೋಂಕಿಗೆ ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸುವಾಗ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು 2 ವಾರ, ಆ್ಯಂಟಿಬಯಾಟಿಕ್‌ಗಳನ್ನು 4 ವಾರ ಮುಂಚೆಯೇ ನಿಲ್ಲಿಸಿರಬೇಕು, ಅದೂ ವೈದ್ಯರಿಗೆ ಹೇಳಿಯೇ.

ಎಲ್ಲ ವರದಿಯೂ ಸರಿಯಿದ್ದು, ಕಳೆದ 3 ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದು, ಅದು ಮಲವಿಸರ್ಜನೆಯ ಜೊತೆ ಏರಿಳಿಯುತ್ತಿದ್ದರೆ, ಮಲದ ರೂಪವೋ ಎಷ್ಟು ಸಲ ಎನ್ನುವುದೋ ಬದಲಾಗಿದ್ದರೆ, ಅದನ್ನು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎನ್ನುತ್ತಾರೆ. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ‘ರಿಪೋರ್ಟ್ ಎಲ್ಲ ನಾರ್ಮಲ್, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ’ ಎಂದು ಮನೆಯವರು ಹೇಳಬಾರದು. ಐಬಿಎಸ್‌ನಲ್ಲಿ ಕರುಳಿನ ನರಗಳು ಅತಿ ಸೂಕ್ಷ್ಮವಾಗಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ಇವರಿಗೆ ನೋವಾಗುತ್ತದೆ. ಆ ನೋವು ನಿಜವಾದದ್ದು.

ನೀರು ಮತ್ತು ಹುಳ

ಬಾವಿ ನೀರು, ಗುಡ್ಡದಿಂದ ಪೈಪಿನಲ್ಲಿ ಇಳಿಸಿದ ಅಬ್ಬಿ ನೀರು ಕುಡಿಯುವ ಮನೆಗಳಲ್ಲಿ ಹೊಟ್ಟೆ ಬಿಟ್ಟೂ ಬಿಟ್ಟೂ ಕೆಡುತ್ತಿದ್ದರೆ ನೀರನ್ನು ಮೊದಲು ಅನುಮಾನಿಸಿ. ಜಿಯಾರ್ಡಿಯಾದಂಥ ಪರಾವಲಂಬಿಗಳು ವಾರಗಟ್ಟಲೆ ಭೇದಿ, ಉಬ್ಬರ ತರುತ್ತವೆ. ಜುಲೈ ಮಳೆಗೆ ನೀರು ಕೆಂಪಾದಾಗ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿಡಿ. ಬಿಸಿಯಾಯಿತೆಂದು ಇಳಿಸುವುದು ಕುದಿಸಿದಂತಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಲೆಕ್ಕ ಹೀಗೆ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನೇ ಅದರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸಾವಿರ ಲೀಟರಿನ ಲೆಕ್ಕದಲ್ಲಿ ನೀರು ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್, ಅಂದರೆ 70 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ, ಹತ್ತು ನಿಮಿಷ ತಿಳಿಯಾಗಲು ಬಿಡಿ. ತಿಳಿಯನ್ನಷ್ಟೇ ಬಾವಿಗೆ ಹಾಕಬೇಕು, ತಳದ ಸುಣ್ಣವನ್ನು ಹಾಕಬಾರದು, ಅದರಿಂದ ನೀರು ಗಡಸಾಗುತ್ತದೆ. ರಾತ್ರಿ ಹಾಕಿ ಬೆಳಗ್ಗೆ ಸೇದಿ. ಕಡಿಮೆಯೆಂದರೂ ಒಂದು ಗಂಟೆ ಬೇಕು. ಹಳೆಯ, ತೇವ ಕುಡಿದ ಪೌಡರ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಕಿಯೂ ಪ್ರಯೋಜನವಿಲ್ಲ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳ ಅಂಗಾಲಿನ ಮೂಲಕವೇ ಒಳಸೇರುತ್ತದೆ, ರಕ್ತ ಹೀರಿ ಸುಸ್ತು ಮಾಡುತ್ತದೆ. ಚಪ್ಪಲಿ ಹಾಕಿ. ಹುಳದ ಮಾತ್ರೆ ಯಾವಾಗ, ಎಷ್ಟು ಎನ್ನುವುದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ, ಮನೆಯವರೆಲ್ಲ ಒಟ್ಟಿಗೇ ತೆಗೆದುಕೊಳ್ಳಿ.

ಅಡುಗೆಮನೆ: ಒಂದೇ ಪಾತ್ರೆ, ಎರಡು ಒಗ್ಗರಣೆ

ಉಬ್ಬರ, ನುಲಿತ, ಭೇದಿ ಮುಖ್ಯವಾಗಿರುವ ಐಬಿಎಸ್‌ಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಫಾಡ್‌ಮ್ಯಾಪ್ ಎಂದರೆ ಸಣ್ಣ ಕರುಳಿನಲ್ಲಿ ಪೂರ್ತಿ ಹೀರಿಕೆಯಾಗದ ಕೆಲವು ಬಗೆಯ ಸಕ್ಕರೆಗಳು. ಅವು ದೊಡ್ಡ ಕರುಳಿಗೆ ಹೋಗಿ ಹುದುಗುತ್ತವೆ, ನೀರನ್ನೂ ಎಳೆದುಕೊಳ್ಳುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಮಾವಿನಹಣ್ಣು, ಜೇನುತುಪ್ಪ, ಅಣಬೆ ಇವುಗಳಲ್ಲಿ ಅಂಥವು ಹೆಚ್ಚು. ಅಕ್ಕಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಈ ವಿಷಯದಲ್ಲಿ ಮಲೆನಾಡಿನವರು ಅದೃಷ್ಟವಂತರು. ಕಡುಬು, ನೀರುದೋಸೆ, ಅಕ್ಕಿರೊಟ್ಟಿ, ಗಂಜಿ, ತಂಬುಳಿ ಎಲ್ಲವೂ ಉಳಿಯುತ್ತವೆ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆಯೂ ಇಲ್ಲಿ ಹೊಸದಲ್ಲ.

ಕ್ರಮ ಹೀಗೆ: ಮೇಲಿನವನ್ನು 4ರಿಂದ 6 ವಾರ ಮಾತ್ರ ಬಿಡಿ. ಪುಸ್ತಕದಲ್ಲಿ ನೋವಿನ ಅಂಕ ಇಳಿಯದಿದ್ದರೆ ಎಲ್ಲವನ್ನೂ ವಾಪಸ್ ತನ್ನಿ, ಇದು ನಿಮ್ಮ ದಾರಿಯಲ್ಲ. ಇಳಿದರೆ ಒಂದೊಂದಾಗಿ ಪರೀಕ್ಷೆ. ಉದಾಹರಣೆಗೆ ಈರುಳ್ಳಿ: ಮೊದಲ ದಿನ 1 ಚಮಚ ಹೆಚ್ಚಿದ್ದು, ಎರಡನೇ ದಿನ 2 ಚಮಚ, ಮೂರನೇ ದಿನ ಕಾಲು ಲೋಟ. ಆಮೇಲೆ ಮೂರು ದಿನ ಬಿಡುವು, ನಂತರ ಮುಂದಿನ ಪದಾರ್ಥ. ಬಹಳ ಜನರಿಗೆ ಎಲ್ಲವೂ ತೊಂದರೆ ಕೊಡುವುದಿಲ್ಲ, ಒಂದೆರಡು ಮಾತ್ರ ಕೊಡುತ್ತವೆ, ಅವೂ ಒಂದು ಅಳತೆ ಮೀರಿದಾಗ ಮಾತ್ರ. ಆ ಅಳತೆ ಸಿಕ್ಕಿದರೆ ಪಥ್ಯ ಮುಗಿದಂತೆ. ಮಕ್ಕಳು, ಗರ್ಭಿಣಿಯರು, ತೂಕ ಕಡಿಮೆ ಇರುವವರು ಇದನ್ನು ಆಹಾರ ತಜ್ಞರ ಸಹಾಯವಿಲ್ಲದೆ ಮಾಡಬಾರದು.

ಇನ್ನು ಕೈಕೆಲಸ. ಹುಳಿ, ಪಲ್ಯ ಯಾವುದೇ ಇರಲಿ, ಈರುಳ್ಳಿ-ಬೆಳ್ಳುಳ್ಳಿ ಹಾಕದೆ ಬೇಯಿಸಿ. ಪಥ್ಯದವರ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಕಡೆಯಲ್ಲಿ ಈರುಳ್ಳಿ ಒಗ್ಗರಣೆ ಹಾಕಿ. ಹೆಚ್ಚಿಗೆ ಬೇಕಾಗುವುದು ಒಂದು ಸಣ್ಣ ಬಾಣಲೆ, ಐದು ನಿಮಿಷ. ಬೆಳ್ಳುಳ್ಳಿಯ ಘಮ ಬೇಕೇ? 4 ದೊಡ್ಡ ಚಮಚ ಎಣ್ಣೆಯಲ್ಲಿ 6 ಎಸಳು ಜಜ್ಜಿ ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಬಿಟ್ಟು, ಎಸಳುಗಳನ್ನು ಪೂರ್ತಿ ತೆಗೆದು ಎಣ್ಣೆಯನ್ನಷ್ಟೇ ಬಳಸಿ. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಫ್ರಕ್ಟಾನ್ ಎಂಬ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದಕ್ಕೇ ಇಡೀ ಬೆಳ್ಳುಳ್ಳಿಯನ್ನು ಸಾರಿನಲ್ಲಿ ಕುದಿಸಿ ಕೊನೆಗೆ ಎತ್ತಿ ಹಾಕಿದರೆ ಉಪಯೋಗವಿಲ್ಲ, ಅಷ್ಟರಲ್ಲಿ ಅದು ಸಾರಿಗೆ ಇಳಿದಿರುತ್ತದೆ. ಈ ಎಣ್ಣೆಯನ್ನು ಬೇಕಾದಾಗಲೇ ಮಾಡಿಕೊಳ್ಳಿ. ಹೊರಗೆ ದಿನಗಟ್ಟಲೆ ಇಟ್ಟರೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ವಿಷ ಹುಟ್ಟಬಹುದು. ಸೀಲಿಯಾಕ್ ಇರುವವರು ಇಂಗಿನ ಡಬ್ಬಿಯನ್ನೂ ಓದಿ ನೋಡಬೇಕು, ಎಷ್ಟೋ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ.

ಕಾಳುಗಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಗ್ಯಾಸ್ ಮಾಡುವ ಸಕ್ಕರೆಗಳಲ್ಲಿ ಸ್ವಲ್ಪ ಭಾಗ ಆ ನೀರಿನೊಂದಿಗೆ ಹೋಗುತ್ತದೆ. ವಾಪಸ್ ಶುರುಮಾಡುವಾಗ ಹೆಸರುಬೇಳೆಯಿಂದ, ಬೆಂದದ್ದು ಕಾಲು ಲೋಟ. ರಾತ್ರಿ ಅನ್ನದ ಬದಲು ಚಪಾತಿ ತಿನ್ನಲು ಶುರುಮಾಡಿದ ಮೇಲೆ ಉಬ್ಬರ ಬಂದವರು ಎರಡು ವಾರ ರಾಗಿ ರೊಟ್ಟಿಗೆ ಬದಲಿಸಿ ನೋಡಿ. ಹಾಲು ಬಿಟ್ಟವರಿಗೂ ರಾಗಿ ಒಳ್ಳೆಯದು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಹಾಲಿನ ಪರೀಕ್ಷೆ ಸುಲಭ. ಒಂದು ವಾರ ಹಾಲು, ಕಾಫಿಯ ಹಾಲು, ಪಾಯಸ ಎಲ್ಲ ಬಿಟ್ಟು, ಮನೆಯಲ್ಲೇ ಇರುವ ದಿನ ಬೆಳಗ್ಗೆ 1 ಲೋಟ (250 ಮಿಲಿ) ಹಾಲು ಕುಡಿಯಿರಿ. ಅದರಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇರುತ್ತದೆ. ಕೆಲವೇ ಗಂಟೆಗಳಲ್ಲಿ ಗುಡುಗುಡು, ಭೇದಿ ಆದರೆ ಉತ್ತರ ಸಿಕ್ಕಿತು. ಹಾಗಾದರೂ ಎಲ್ಲವನ್ನೂ ಬಿಡಬೇಕಿಲ್ಲ. ಕಾಫಿಗೆ ಬೀಳುವ ಎರಡು ಚಮಚ ಹಾಲು ಅನೇಕರಿಗೆ ಆಗುತ್ತದೆ, ಮೊಸರು-ಮಜ್ಜಿಗೆಯಲ್ಲಿ ಲ್ಯಾಕ್ಟೋಸ್ ಕಡಿಮೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು.

ಮನೆಯವರೆಲ್ಲ ಉಣ್ಣಬಹುದಾದ ಒಂದೆಲಗದ ತಂಬುಳಿ, ನಾಲ್ಕು ಜನಕ್ಕೆ: ತೊಳೆದ ಒಂದೆಲಗ ಒಂದು ಹಿಡಿ, ಜೀರಿಗೆ ಅರ್ಧ ಚಮಚ, ತುಪ್ಪ ಅರ್ಧ ಚಮಚ, ತೆಂಗಿನತುರಿ ಕಾಲು ಲೋಟ, ಹುಳಿಯಿಲ್ಲದ ಮಜ್ಜಿಗೆ 2 ಲೋಟ. ತುಪ್ಪದಲ್ಲಿ ಜೀರಿಗೆ ಸಿಡಿದ ಮೇಲೆ ಸೊಪ್ಪು ಹಾಕಿ ಬಾಡಿಸಿ, ಪೂರ್ತಿ ಆರಿದ ಮೇಲೆ ಕಾಯಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ಬಿಸಿ ಇರುವಾಗಲೇ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ಮೆಣಸಿನಕಾಯಿ ಒಗ್ಗರಣೆ ಬೇಕಾದವರ ಬಟ್ಟಲಿಗೆ ಬೇರೆ. ಖಾರದಲ್ಲಿರುವ ಕ್ಯಾಪ್ಸೈಸಿನ್ ಸೂಕ್ಷ್ಮ ಕರುಳಿನ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಅಪ್ಪೆಮಿಡಿಯನ್ನು ಪೂರ್ತಿ ಬಿಡಲು ಮನಸ್ಸಾಗದಿದ್ದರೆ ಹೊಟ್ಟೆ ಸರಿಯಿರುವ ದಿನ ಒಂದು ಸಣ್ಣ ಚೂರು, ರಸವಿಲ್ಲದೆ.

ಹಲಸಿನ ಕಾಲಕ್ಕೆ ಊಟದ ನಂತರ 3 ತೊಳೆಯಿಂದ ಪರೀಕ್ಷಿಸಿ, ಅದೇ ದಿನ ಹಲಸಿನ ಬೀಜದ ಪಲ್ಯ ಬೇಡ. ಎರಡೂ ಒಟ್ಟಿಗೆ ತಿಂದರೆ ಯಾವುದು ಕಾಡಿತೆಂದು ತಿಳಿಯುವುದಿಲ್ಲ.

ಎದೆಯುರಿ ಇರುವವರಿಗೆ

ಇಲ್ಲಿ ಏನು ತಿಂದಿರಿ ಎನ್ನುವಷ್ಟೇ ಮುಖ್ಯ ಯಾವಾಗ ತಿಂದಿರಿ ಎನ್ನುವುದು. ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ ಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 6 ಅಂಗುಲದ ಮರದ ತುಂಡು ಇಡಿ. ಎರಡು ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡ ಇನ್ನೂ ಹೆಚ್ಚಾಗುತ್ತದೆ. ಎಡಮಗ್ಗುಲಿಗೆ ಮಲಗಿ. ಸಂಕಷ್ಟಿಯ ದಿನ ಚಂದ್ರೋದಯದವರೆಗೆ ಹಸಿದಿದ್ದು, ರಾತ್ರಿ ಒಂಬತ್ತೂವರೆಗೆ ಹೊಟ್ಟೆ ತುಂಬ ಉಂಡು ಮಲಗುವುದು ಎದೆಯುರಿ ಇರುವವರಿಗೆ ತಿಂಗಳಿನ ಅತಿ ಕೆಟ್ಟ ರಾತ್ರಿ. ವ್ರತ ಮಾಡುವವರು ಹಗಲು ಹಣ್ಣು, ಅವಲಕ್ಕಿ ತಿಂದು, ಪೂಜೆಯ ನಂತರ ಪ್ರಸಾದ ಮತ್ತು ಅರ್ಧ ಊಟಕ್ಕೆ ನಿಲ್ಲಿಸಲಿ.

ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮುಂಚೆ ನುಂಗಬೇಕು. ಊಟವಾಗಿ ಉರಿ ಬಂದ ಮೇಲೆ ನುಂಗಿ ‘ಮಾತ್ರೆ ಹಿಡಿಯಲಿಲ್ಲ’ ಎನ್ನುವವರು ಬಹಳ. ತಿಂಗಳುಗಟ್ಟಲೆ ತಿಂದವರು ಒಂದೇ ದಿನ ನಿಲ್ಲಿಸಿದರೆ ಆಮ್ಲ ಮರುಕಳಿಸಿ ಹೆಚ್ಚುತ್ತದೆ, ವೈದ್ಯರ ಸಲಹೆಯಂತೆ ಇಳಿಸುತ್ತಾ ಬನ್ನಿ. ಕಾಳುಮೆಣಸು ಹಾಕಿದ ಕಷಾಯ, ಪುನರ್ಪುಳಿ ಸಾರು ಉರಿ ಹೆಚ್ಚಿಸಿದರೆ ಬಿಡಿ. ಧನಿಯಾ-ಜೀರಿಗೆ ಕಷಾಯ ಸೌಮ್ಯ.

ಅಡಿಕೆ ಬೆಳೆಯುವ ಮನೆಗಳಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು. ಊಟದ ನಂತರದ ಎಲೆ-ಅಡಿಕೆಯಲ್ಲಿರುವ ಅರೆಕೊಲಿನ್ ಜೊಲ್ಲನ್ನೂ ಕರುಳಿನ ಚಲನೆಯನ್ನೂ ಹೆಚ್ಚಿಸುತ್ತದೆ. ಭೇದಿಯ ಪ್ರವೃತ್ತಿ ಇರುವವರಿಗೆ ಅದೇ ತೊಂದರೆ. ಹೊಗೆಸೊಪ್ಪು ಸೇರಿದರೆ ಎದೆಯುರಿಯೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಜಗಿಯುವುದನ್ನು ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿದೆ. ಬದಲಿಗೆ ಅರ್ಧ ಚಮಚ ಹುರಿದ ಜೀರಿಗೆ ಜಗಿಯಬಹುದು.

ಮಲಬದ್ಧತೆ

ಮಳೆಗಾಲದಲ್ಲಿ ಬಾಯಾರಿಕೆ ಆಗದ್ದರಿಂದ ನೀರು ಕುಡಿಯುವುದೇ ಕಡಿಮೆ. ಜೊತೆಗೆ ಜಡಿಮಳೆಯಲ್ಲಿ ಅಂಗಳ ದಾಟಿ ಶೌಚಾಲಯಕ್ಕೆ ಹೋಗಬೇಕಾದ ಮನೆಗಳಲ್ಲಿ ಹಿರಿಯರು ತಡೆದುಕೊಳ್ಳುತ್ತಾರೆ. ತಡೆದಷ್ಟೂ ಮಲದ ನೀರನ್ನು ಕರುಳು ಹೀರಿಕೊಂಡು ಅದು ಗಟ್ಟಿಯಾಗುತ್ತದೆ. ಅಂಗಳಕ್ಕೆ ಶೀಟಿನ ಮಾಡು, ಒಂದು ದೀಪ, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ಕಡೆಗೆ ಕೋಣೆಯಲ್ಲೊಂದು ಕಮೋಡ್ ಕುರ್ಚಿ. ಇವು ಯಾವ ಚೂರ್ಣಕ್ಕೂ ಕಡಿಮೆಯಲ್ಲ.

ಇಸಬಗೋಲನ್ನು 1 ಚಮಚದಿಂದ ಶುರುಮಾಡಿ, ಒಂದು ಲೋಟ ತುಂಬ ನೀರಿನಲ್ಲಿ ಕಲಸಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ವಾರಕ್ಕೊಮ್ಮೆ ಅರ್ಧ ಚಮಚ ಹೆಚ್ಚಿಸಿ 2 ಚಮಚದವರೆಗೆ ಹೋಗಬಹುದು. ಒಣದಾಗಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು, ನುಂಗಲು ಕಷ್ಟವಿರುವವರಿಗೆ ಕೊಡಲೇಬೇಡಿ. ತಿಂಡಿಯಾದ ಕಾಲು ಗಂಟೆಗೆ ಕರುಳಿನ ಚಲನೆ ಸಹಜವಾಗಿ ಹೆಚ್ಚುತ್ತದೆ, ಆಗ ಹತ್ತು ನಿಮಿಷ ಕುಳಿತುಕೊಳ್ಳಿ. ಕಮೋಡ್ ಆದರೆ ಕಾಲ ಕೆಳಗೆ 8 ಅಂಗುಲದ ಮಣೆ ಬೇಕು. ಮೊಬೈಲ್ ಹೊರಗಿರಲಿ.

ಮನೆಯ ಹೊಂದಾಣಿಕೆ

ಆರೇಳು ಜನಕ್ಕೆ ಒಂದೇ ಶೌಚಾಲಯವಿದ್ದರೆ ಬೆಳಗ್ಗೆ ಅರ್ಧ ಗಂಟೆ ಈ ವ್ಯಕ್ತಿಗೆ ಮೀಸಲಿಡಿ. ಯಾರಾದರೂ ಬಾಗಿಲು ತಟ್ಟುತ್ತಾರೆಂಬ ಆತಂಕವೇ ಸೂಕ್ಷ್ಮ ಕರುಳನ್ನು ಕೆಡಿಸಲು ಸಾಕು. ಅಡುಗೆ ಮಾಡುವ ಹೆಂಗಸಿಗೇ ತೊಂದರೆಯಿದ್ದರೆ ಮೊದಲು ಅವಳ ಊಟದ ಸಮಯ ನೋಡಿ. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ಬದಲಾಗದೆ ಯಾವ ಪಥ್ಯವೂ ಕೆಲಸ ಮಾಡದು. ಅವಳು ಒಂದು ಗಂಟೆಗೆ ಎಲ್ಲರ ಜೊತೆ ಕೂರಲಿ, ಬಡಿಸುವ ಕೆಲಸ ಬೇರೆಯವರು ಹಂಚಿಕೊಳ್ಳಲಿ. ಪದೇಪದೇ ಹೊಟ್ಟೆನೋವು ಎನ್ನುವ ಮಗುವಿಗೆ ಶಾಲೆಯ ಶೌಚಾಲಯ ಹೇಗಿದೆ, ಇಡೀ ದಿನ ತಡೆಯುತ್ತಿದೆಯೇ ಎಂದು ಕೇಳಿ. ಮಗುವಿನ ಎತ್ತರ, ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ.

ಮದುವೆಮನೆಗೆ ಹಸಿದು ಹೋಗಬೇಡಿ. ಮನೆಯಲ್ಲೇ ಸ್ವಲ್ಪ ಉಂಡು ಹೊರಡಿ. ಎಲೆಯಲ್ಲಿ ಅನ್ನ, ತೊವ್ವೆ, ಮಜ್ಜಿಗೆ ಎಲ್ಲ ಕಡೆ ಸಿಗುತ್ತವೆ. ‘ಇವತ್ತೊಂದಿನ ತಿಂದರೆ ಏನಾಗಲ್ಲ’ ಎಂದು ಒತ್ತಾಯಿಸುವವರಿಗೆ ಉತ್ತರಿಸುವ ಕೆಲಸವನ್ನು ಪಕ್ಕದಲ್ಲಿ ಕೂತ ಗಂಡನೋ ಹೆಂಡತಿಯೋ ವಹಿಸಿಕೊಳ್ಳಲಿ, ಕಾಯಿಲೆಯವರೇ ಪ್ರತಿ ಸಲ ವಿವರಿಸುವುದು ದಣಿವು.

ಬೆಂಗಳೂರಿಗೆ ಹೋಗುವುದಾದರೆ ಬಸ್ಸಿಗಿಂತ ತಾಳಗುಪ್ಪ, ಸಾಗರ, ಶಿವಮೊಗ್ಗ ಮೇಲಿನ ರೈಲು ವಾಸಿ, ಶೌಚಾಲಯ ಇದೆಯೆಂಬ ಧೈರ್ಯವೇ ಅರ್ಧ ಔಷಧ. ಆಗುಂಬೆ ಘಟ್ಟದ ತಿರುವುಗಳಿಗೆ ಎರಡು ಗಂಟೆ ಮುಂಚೆ ಹಗುರ ತಿಂಡಿ ಮುಗಿಸಿ, ಮುಂದಿನ ಸೀಟು ಹಿಡಿಯಿರಿ.

ಹೊಟ್ಟೆ ಕೆಟ್ಟ ದಿನಕ್ಕೆ

ಅಡುಗೆಮನೆಯ ಡಬ್ಬಿಯಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಸದಾ ಇರಲಿ. ದೊಡ್ಡ ಪೊಟ್ಟಣ 1 ಲೀಟರಿಗೆ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಒಂದು ಲೋಟಕ್ಕೆ ಹಾಕಿದರೆ ಉಪ್ಪಿನ ಪ್ರಮಾಣ ತಪ್ಪುತ್ತದೆ, ಮಕ್ಕಳಿಗೆ ಇದು ಅಪಾಯ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸ 6 ಚಹಾ ಚಮಚ ಸಕ್ಕರೆ, ಮಟ್ಟಸ ಅರ್ಧ ಚಹಾ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ. ಊಟಕ್ಕೆ 1 ಲೋಟ ಅಕ್ಕಿಗೆ 8 ಲೋಟ ನೀರಿನ ಗಂಜಿ, ಉಪ್ಪು, ಅರ್ಧ ಚಮಚ ತುಪ್ಪ. ಆರು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಒಳಗಿಳಿದರೆ, ರಕ್ತ ಕಂಡರೆ, ಜೋರು ಜ್ವರವಿದ್ದರೆ ಆಸ್ಪತ್ರೆಗೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಜ್ವರ ಅಥವಾ ರಕ್ತ ಇರುವಾಗ ಕೊಡಬಾರದು. ಹೊಟ್ಟೆ ಸರಿಹೋದ ಮೂರನೇ ದಿನಕ್ಕೆ ಮಾಮೂಲಿ ಊಟಕ್ಕೆ ಬನ್ನಿ, ಪುಸ್ತಕದಲ್ಲಿ ಆಗತಾನೇ ಪರೀಕ್ಷೆ ನಡೆಸುತ್ತಿದ್ದ ಪದಾರ್ಥವನ್ನು ಮಾತ್ರ ಒಂದು ವಾರ ಬಿಟ್ಟು ಮೊದಲ ಅಳತೆಯಿಂದ ಮತ್ತೆ ಶುರುಮಾಡಿ.